ಸಭೆಯ ನಾಯಕರಿಗೆ ನಮ್ರತೆ: ಬಲಹೀನತೆ ಮುಚ್ಚಿಡದೆ ಸೇವೆ ಮಾಡುವುದು ಹೇಗೆ?

ಸಭೆಯ ಜವಾಬ್ದಾರಿ ಹೊತ್ತವರೆಲ್ಲರೂ ನಮ್ರತೆಯ ಬಗ್ಗೆ ಬೋಧಿಸಿದವರೇ. ಪಾಸ್ಟರ್ ಇರಲಿ, ಫಾದರ್ ಇರಲಿ, ಸಭಾ ಹಿರಿಯರಿರಲಿ, ಯುವಜನರ ನಾಯಕರಿರಲಿ, ಅದರ ವಾಕ್ಯಗಳು ಎಲ್ಲರಿಗೂ ಬಾಯಿಪಾಠ. ಆದರೆ ಸೋಮವಾರ ಬೆಳಿಗ್ಗೆ ಎದ್ದ ಮೇಲೆ ಏನು ಮಾಡಬೇಕು? ಸಮಿತಿಯ ಮೀಟಿಂಗ್‌ನಲ್ಲಿ, ಲೆಕ್ಕದ ಪುಸ್ತಕದ ಮುಂದೆ, ತಪ್ಪು ಮಾಡಿದ ಮರುದಿನ ಹೇಗೆ ನಡೆದುಕೊಳ್ಳಬೇಕು? ಇದನ್ನು ಹೇಳಿಕೊಡುವವರು ಕಡಿಮೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೆಲ್ಲಗೆ ಮಾತಾಡುವುದು, ಎಲ್ಲರಿಗೂ ಕೈ ಮುಗಿಯುವುದು, "ನನ್ನದೇನೂ ಇಲ್ಲ, ಎಲ್ಲಾ ದೇವರ ಕೃಪೆ" ಅನ್ನುವುದು ಒಳ್ಳೆಯ ಅಭ್ಯಾಸಗಳೇ. ಆದರೆ ಅಷ್ಟರಿಂದಲೇ ಒಬ್ಬ ನಾಯಕ ನಮ್ರನೋ ಅಲ್ಲವೋ ತಿಳಿಯುವುದಿಲ್ಲ. ತಿಳಿಯಬೇಕಾದರೆ ಮೂರು ಪ್ರಶ್ನೆ ಕೇಳಬೇಕು. ಅವರ ಬಲಹೀನತೆ ಯಾರಿಗೆ ಗೊತ್ತು? ಅವರಿಗೆ "ಬೇಡ" ಅಂತ ಹೇಳುವ ಹಕ್ಕು ಯಾರಿಗಿದೆ? ಹಾಗೆ ಹೇಳಿದವರು ಒಂದು ವರ್ಷ ಕಳೆದ ಮೇಲೂ ಅದೇ ಸಭೆಯಲ್ಲಿ ನೆಮ್ಮದಿಯಿಂದ ಇದ್ದಾರಾ? ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಮೂರು ಪ್ರಶ್ನೆಗಳ ಸುತ್ತ ಇವೆ.

ಮೊದಲ ಹೆಜ್ಜೆ: ಸೇವೆ ಪಡೆಯುವುದನ್ನು ಕಲಿಯಿರಿ

ಯೇಸು ಸ್ವಾಮಿ ಶಿಷ್ಯರ ಕಾಲು ತೊಳೆದ ಭಾಗವನ್ನು ನಾವು ಎಷ್ಟೋ ಸಲ ಓದಿದ್ದೇವೆ. ಆದರೆ ಯೋಹಾನ 13:3 ಅನ್ನು ಸುಮ್ನೆ ದಾಟಿ ಹೋಗುತ್ತೇವೆ. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾರೆ, ತಾನು ದೇವರ ಬಳಿಯಿಂದ ಬಂದವನು, ದೇವರ ಬಳಿಗೇ ಹೋಗುವವನು ಎಂದು ಅವರಿಗೆ ಗೊತ್ತಿತ್ತು. ಅದು ಗೊತ್ತಿದ್ದೇ ಅವರು ಎದ್ದು, ಮೇಲುಹೊದಿಕೆ ತೆಗೆದಿಟ್ಟು, ನೀರು ತೆಗೆದುಕೊಂಡರು. ತಾನು ಯಾರು ಎಂಬುದರಲ್ಲಿ ಅವರಿಗೆ ಸಂಶಯ ಇರಲಿಲ್ಲ. ಹಾಗಾಗಿ ಕೆಳಗೆ ಕೂರುವುದಕ್ಕೆ ಹೆದರಿಕೆಯೂ ಇರಲಿಲ್ಲ. ತಮ್ಮ ಬೆಲೆ ಏನು ಎಂದು ದೇವರಿಂದ ಕೇಳಿಸಿಕೊಳ್ಳದ ನಾಯಕರು ಅದನ್ನು ಜನರ ಹೊಗಳಿಕೆಯಲ್ಲಿ ಹುಡುಕುತ್ತಾರೆ. ಹೊಗಳಿಕೆ ನಿಂತ ದಿನ ಅವರಿಗೆ ಸಿಟ್ಟು ಬರುತ್ತದೆ.

ಅದೇ ಅಧ್ಯಾಯದಲ್ಲಿ ಪೇತ್ರ ತನ್ನ ಕಾಲು ತೊಳೆಸಿಕೊಳ್ಳಲು ಒಪ್ಪುವುದಿಲ್ಲ. ಕೇಳಲು ಅದು ಎಷ್ಟು ವಿನಯದ ಮಾತು ಅಲ್ವಾ? ಆದರೆ ಯೇಸು ಅದನ್ನು ಮೆಚ್ಚಲಿಲ್ಲ. ನಾನು ತೊಳೆಯದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂದರು. ಈ ಭಾಗ ಸೇವೆಯಲ್ಲಿರುವವರಿಗೆ ನೇರವಾಗಿ ತಾಗುತ್ತದೆ. ಎಲ್ಲರ ಆಸ್ಪತ್ರೆಗೂ ಓಡುವ, ಎಲ್ಲರ ಕಣ್ಣೀರನ್ನೂ ಒರೆಸುವ, ಆದರೆ ತನ್ನ ಕಷ್ಟಕ್ಕೆ ಯಾರನ್ನೂ ಹತ್ತಿರ ಬಿಡದ ನಾಯಕರನ್ನು ನಾವು ಬಹಳ ಮೆಚ್ಚುತ್ತೇವೆ. ಕೊಡುವವನು ಯಾವಾಗಲೂ ಮೇಲೆಯೇ ಇರುತ್ತಾನೆ ಎಂಬುದನ್ನು ಮರೆಯುತ್ತೇವೆ.

ಪೌಲ ಹೀಗಿರಲಿಲ್ಲ. ಸೆರೆಯಲ್ಲಿದ್ದಾಗ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯ ಅಧ್ಯಾಯ ನೋಡಿ. ಬೇಗ ಬಾ ಎನ್ನುತ್ತಾನೆ. ನನ್ನ ಜೊತೆ ಲೂಕ ಒಬ್ಬನೇ ಇದ್ದಾನೆ ಎನ್ನುತ್ತಾನೆ. ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿ ತಂದುಕೊಡು ಎಂದು ಕೇಳುತ್ತಾನೆ. ಸಭೆಗಳನ್ನು ಕಟ್ಟಿದ ಅಪೊಸ್ತಲ, ವಯಸ್ಸಿನಲ್ಲಿ ಚಿಕ್ಕವನಾದ ಸಹಸೇವಕನಿಗೆ ತನ್ನ ಒಂಟಿತನ ಹೇಳಿಕೊಳ್ಳುತ್ತಾನೆ, ಒಂದು ಬಟ್ಟೆ ಬೇಕು ಅನ್ನುತ್ತಾನೆ.

ನೀವು ಶುರುಮಾಡಬೇಕಾದದ್ದು ಇಷ್ಟೇ. ಈ ವಾರ ಸಭೆಯ ಯಾರಾದರೂ ಒಬ್ಬರಿಂದ ಒಂದು ಸಹಾಯ ಕೇಳಿ. ನಿಜವಾಗಿ ಬೇಕಾದ ಸಹಾಯವೇ ಇರಲಿ. ಪ್ರಾರ್ಥನೆಯ ಕೊನೆಯಲ್ಲಿ "ನನಗೋಸ್ಕರ ನೀವು ಪ್ರಾರ್ಥಿಸಿ" ಎಂದು ಹೇಳಿ ಸುಮ್ಮನೆ ತಲೆ ಬಾಗಿಸಿ. ಅವರು ಪ್ರಾರ್ಥನೆ ಮುಗಿಸಿದ ಕೂಡಲೇ ನೀವು ಮತ್ತೆ ಪ್ರಾರ್ಥನೆ ಶುರುಮಾಡಬೇಡಿ.

ಎರಡನೇ ಹೆಜ್ಜೆ: ಇಬ್ಬರು ಮೂವರನ್ನು ಆರಿಸಿಕೊಳ್ಳಿ

ಗೆತ್ಸೇಮನೆಯಲ್ಲಿ ಯೇಸು ಸ್ವಾಮಿ ಉಳಿದ ಶಿಷ್ಯರನ್ನು ಒಂದು ಕಡೆ ಕೂರಿಸಿದರು. ಪೇತ್ರನನ್ನೂ ಜೆಬೆದಾಯನ ಇಬ್ಬರು ಮಕ್ಕಳನ್ನೂ ಮಾತ್ರ ಮುಂದೆ ಕರೆದುಕೊಂಡು ಹೋದರು. ನನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ, ಇಲ್ಲಿ ನನ್ನ ಜೊತೆ ಎಚ್ಚರವಾಗಿರಿ ಎಂದು ಹೇಳಿದ್ದು ಆ ಮೂವರಿಗೆ. ಎಲ್ಲವನ್ನೂ ಎಲ್ಲರಿಗೂ ಹೇಳಲಿಲ್ಲ. ಯಾರಿಗೂ ಹೇಳದೆಯೂ ಇರಲಿಲ್ಲ.

ಆ ಮೂವರೂ ನಿದ್ದೆ ಹೋದರು. ಅದನ್ನೂ ನೆನಪಿಡಿ. ನೀವು ಆರಿಸಿಕೊಂಡ ಸ್ನೇಹಿತರು ಒಮ್ಮೊಮ್ಮೆ ಕೈಕೊಡುತ್ತಾರೆ. ಯೇಸು ಮತ್ತೆ ಅವರ ಹತ್ತಿರ ಬಂದರು, ಎಬ್ಬಿಸಿದರು. ಒಂದು ಸಲ ನಿರಾಸೆಯಾಯಿತು ಅಂತ "ಇನ್ನು ಯಾರಿಗೂ ಏನೂ ಹೇಳುವುದಿಲ್ಲ" ಎಂದು ಬಾಗಿಲು ಹಾಕಿಕೊಂಡ ಸೇವಕರು ಬಹಳ ಮಂದಿ ಇದ್ದಾರೆ. ಅವರ ನೋವು ಅರ್ಥವಾಗುತ್ತದೆ. ಆದರೂ ಆ ಬಾಗಿಲು ಮತ್ತೆ ತೆರೆಯಬೇಕು.

ಯಾರನ್ನು ಆರಿಸಬೇಕು? ನಿಮ್ಮ ಸಂಬಳ, ಬಡ್ತಿ, ಅವಕಾಶಗಳಿಗಾಗಿ ನಿಮ್ಮನ್ನು ನೆಚ್ಚಿಕೊಂಡವರು ಬೇಡ. ಅವರಿಗೆ ನಿಮ್ಮ ಮುಖದ ಮೇಲೆ ಸತ್ಯ ಹೇಳುವುದು ಕಷ್ಟ. ಗಂಡ ಅಥವಾ ಹೆಂಡತಿಗೆ ಎಲ್ಲ ಗೊತ್ತಿರಲಿ, ಆದರೆ ಎಲ್ಲಾ ಭಾರವನ್ನೂ ಅವರೊಬ್ಬರ ಮೇಲೆಯೇ ಹಾಕಬೇಡಿ. ನಿಮ್ಮ ಮಾತಿನ ಮೋಡಿಗೆ ಸಿಗದ ಒಬ್ಬರು ಇರಲಿ. ಬೇರೆ ಸಭೆಯ ಹಿರಿಯರೊಬ್ಬರು ಇದ್ದರೆ ಇನ್ನೂ ಒಳ್ಳೆಯದು. ಗುಟ್ಟು ಕಾಪಾಡುವವರು ಬೇಕು ನಿಜ. ಆದರೆ ಯಾರಿಗಾದರೂ ಹಾನಿಯಾಗುವ ವಿಷಯವಾದರೆ ಅದನ್ನು ಬಚ್ಚಿಡುವುದಿಲ್ಲ ಎಂದು ಮೊದಲೇ ಹೇಳುವಷ್ಟು ಗಟ್ಟಿಯವರೂ ಆಗಿರಬೇಕು.

ಮೆಥಡಿಸ್ಟ್ ಚಳವಳಿಗೆ ನಾಂದಿ ಹಾಡಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ 1738ರಲ್ಲಿ ಸಣ್ಣ ಗುಂಪುಗಳಿಗೆ ನಿಯಮಗಳನ್ನು ಬರೆದರು. ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ ಎಂಬ ಯಾಕೋಬ 5:16 ಆ ಗುಂಪುಗಳ ಆಧಾರ. ವಾರಕ್ಕೊಮ್ಮೆ ಸೇರಬೇಕಿತ್ತು. ಗುಂಪಿಗೆ ಸೇರುವ ಮೊದಲೇ ಒಂದು ಪ್ರಶ್ನೆ ಕೇಳುತ್ತಿದ್ದರು: ನಿನ್ನ ತಪ್ಪುಗಳನ್ನು ನಿನಗೆ ಹೇಳಬೇಕು ಎಂದು ನಿನಗೆ ಆಸೆ ಇದೆಯಾ? ಸಹಿಸಿಕೊಳ್ಳುತ್ತೀಯಾ ಅಂತ ಕೇಳಲಿಲ್ಲ. ಆಸೆ ಇದೆಯಾ ಅಂತ ಕೇಳಿದರು.

ಮೊದಲ ಭೇಟಿಯಲ್ಲಿ ಏನು ಹೇಳಬೇಕು ಅಂತ ತೋಚದಿದ್ದರೆ ಹೀಗೆ ಶುರುಮಾಡಬಹುದು: "ನನ್ನ ಜೀವನದ ಬಗ್ಗೆ ಪ್ರಶ್ನೆ ಕೇಳುವ ಹಕ್ಕನ್ನು ನಿಮಗೆ ಕೊಡುತ್ತಿದ್ದೇನೆ. ನಾನು ನುಣುಚಿಕೊಂಡರೆ ಬಿಡಬೇಡಿ." ಆಮೇಲೆ ತಿಂಗಳಿಗೆ ಎರಡು ಸಲವಾದರೂ ಕೂತು ಇಂಥ ಪ್ರಶ್ನೆಗಳನ್ನು ಕೇಳಿಸಿಕೊಳ್ಳಿ:

- ಪ್ರಸಂಗಕ್ಕೆ ತಯಾರಿ ಬಿಟ್ಟು ನಿನಗೋಸ್ಕರ ವಾಕ್ಯ ಓದಿ, ಪ್ರಾರ್ಥಿಸಿ ಎಷ್ಟು ದಿನ ಆಯಿತು?
- ಈ ದಿನಗಳಲ್ಲಿ ಯಾರ ಮೇಲೆ ಅಸೂಯೆ, ಯಾರ ಮೇಲೆ ಕೋಪ?
- ಮನೆಯವರು ನಿನ್ನ ಬಗ್ಗೆ ಏನು ಹೇಳುತ್ತಾರೆ? ನಾವು ಅವರನ್ನೇ ಕೇಳಬಹುದಾ?
- ಹಣದಲ್ಲಿ, ಫೋನಿನಲ್ಲಿ, ಸಂಬಂಧಗಳಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ಮುಚ್ಚಿಟ್ಟದ್ದು ಏನಾದರೂ ಇದೆಯಾ?
- ಈಗ ಹೇಳಿದ್ದರಲ್ಲಿ ಅರ್ಧ ಮಾತ್ರ ನಿಜ ಯಾವುದು?

ಕೊನೆಯ ಪ್ರಶ್ನೆಯನ್ನು ಯಾವತ್ತೂ ಬಿಡಬೇಡಿ. ಹಿಂದಿನ ನಾಲ್ಕನ್ನು ಜಾಣತನದಿಂದ ದಾಟಿದವರು ಇಲ್ಲಿ ನಿಲ್ಲುತ್ತಾರೆ.

ಮೂರನೇ ಹೆಜ್ಜೆ: ಯಾವುದನ್ನು ಎಲ್ಲಿ ಹೇಳಬೇಕು ಎಂದು ವಿಂಗಡಿಸಿ

ಮನಬಿಚ್ಚಿ ಮಾತಾಡಬೇಕು ಎಂದ ಕೂಡಲೇ ಕೆಲವರು ಪ್ರಸಂಗಪೀಠದಿಂದ ಎಲ್ಲವನ್ನೂ ಸುರಿಯುತ್ತಾರೆ. ಇದು ಸಭೆಗೂ ಭಾರ, ಮನೆಯವರಿಗೂ ಭಾರ. ಹಾಗಂತ ಪ್ರಸಂಗಪೀಠದಲ್ಲಿ ಯಾವಾಗಲೂ ಗೆದ್ದ ಕಥೆಗಳನ್ನೇ ಹೇಳಿದರೆ, ಸೋಲುತ್ತಿರುವ ವಿಶ್ವಾಸಿ ತನ್ನೊಬ್ಬನಲ್ಲೇ ಏನೋ ಕೊರತೆ ಇದೆ ಎಂದುಕೊಂಡು ಮನೆಗೆ ಹೋಗುತ್ತಾನೆ.

ಪೌಲ ಇಲ್ಲಿ ನಮಗೆ ದಾರಿ ತೋರಿಸುತ್ತಾನೆ. 2 ಕೊರಿಂಥ 12ರಲ್ಲಿ ತನ್ನ ಶರೀರದಲ್ಲಿ ಒಂದು ಮುಳ್ಳಿದೆ, ಅದು ಹೋಗಲಿ ಎಂದು ಮೂರು ಸಲ ಬೇಡಿಕೊಂಡೆ, ಅದು ಹೋಗಲಿಲ್ಲ ಎಂದು ಬರೆಯುತ್ತಾನೆ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು ಎನ್ನುತ್ತಾನೆ. ಆದರೆ ಆ ಮುಳ್ಳು ಏನು? ಅದನ್ನು ಅವನು ಹೇಳುವುದೇ ಇಲ್ಲ. ಇಂದಿಗೂ ಓದುಗರು ಊಹಿಸುತ್ತಲೇ ಇದ್ದಾರೆ. ಬಲಹೀನತೆ ಇದೆ ಎಂಬ ಸತ್ಯ, ಪ್ರಾರ್ಥನೆಗೆ ಬೇಕಾದ ಉತ್ತರ ಸಿಗಲಿಲ್ಲ ಎಂಬ ಸತ್ಯ, ಕೃಪೆ ಹಿಡಿದಿಟ್ಟಿತು ಎಂಬ ಸತ್ಯ, ಮೂರೂ ಸಭೆಗೆ ಸಿಕ್ಕವು. ವಿವರ ಮಾತ್ರ ಸಿಗಲಿಲ್ಲ. ಅದರಿಂದ ಸಭೆಗೆ ಏನೂ ಕಡಿಮೆಯಾಗಲಿಲ್ಲ. ಬೇರೆ ಬೇರೆ ಮುಳ್ಳು ಇರುವವರೆಲ್ಲ ಆ ಅಧ್ಯಾಯದಲ್ಲಿ ತಮ್ಮನ್ನೇ ಕಾಣುತ್ತಾರೆ.

ಪ್ರಸಂಗದಲ್ಲಿ ನಿಮ್ಮ ಬಲಹೀನತೆ ಹೇಳುವ ಮೊದಲು ನಾಲ್ಕು ವಿಷಯ ಯೋಚಿಸಿ.

ಈ ಕಥೆ ಯಾರದ್ದು? ನಿಮ್ಮ ಮಗಳ ಹಠ, ನಿಮ್ಮ ಹೆಂಡತಿಯ ಕಾಯಿಲೆ, ನಿಮ್ಮ ಹತ್ತಿರ ಬಂದು ಅತ್ತ ಸಭಿಕರ ಸಂಸಾರ, ಇವು ನಿಮ್ಮ ಕಥೆಗಳಲ್ಲ. ಅವರನ್ನು ಮೊದಲು ಕೇಳಿ. ಬೇಡ ಅಂದರೆ ಬೇಡ. ಹೆಸರು ಹೇಳದಿದ್ದರೂ ಜನ ಗುರುತಿಸುತ್ತಾರೆ.

ಗಾಯ ಒಣಗಿದೆಯಾ? ಇನ್ನೂ ರಕ್ತ ಸುರಿಯುತ್ತಿರುವ ಗಾಯವನ್ನು ಇಬ್ಬರು ಮೂವರ ಮುಂದೆ ತೆರೆಯಿರಿ, ಬೇಕಾದರೆ ಆಪ್ತ ಸಮಾಲೋಚಕರ ಮುಂದೆ ತೆರೆಯಿರಿ. ಸಭೆಯ ಮುಂದೆ "ಈ ದಿನಗಳು ನನಗೆ ಕಷ್ಟವಾಗಿವೆ, ಪ್ರಾರ್ಥಿಸಿ" ಎಂದರೆ ಸಾಕು. ಅದು ಸುಳ್ಳಲ್ಲ. ಪೂರ್ತಿ ವಿವರವೂ ಅಲ್ಲ.

ಕೇಳುವವರಿಂದ ನನಗೆ ಏನು ಬೇಕು? ಇದು ಕಠಿಣ ಪ್ರಶ್ನೆ. ಕನಿಕರ ಬೇಕಾ, ಹೊಗಳಿಕೆ ಬೇಕಾ? ಯಾರೋ ಕೇಳಲಿರುವ ಪ್ರಶ್ನೆಯನ್ನು ಕಣ್ಣೀರಿನಿಂದ ನಿಲ್ಲಿಸಬೇಕಾ? ಲೆಕ್ಕ ಕೇಳಿದ ವಾರದಲ್ಲೇ ನಾಯಕರು ವೇದಿಕೆಯ ಮೇಲೆ ಅತ್ತರೆ, ಮುಂದೆ ಲೆಕ್ಕ ಕೇಳುವವನು ಕ್ರೂರಿಯಂತೆ ಕಾಣುತ್ತಾನೆ. ಕಣ್ಣೀರು ನಿಜವೇ ಇರಬಹುದು. ಆದರೂ ಲೆಕ್ಕ ಕೊಡಬೇಕು.

ಇದನ್ನು ಮೊದಲು ಬೇರೆಲ್ಲೋ ಹೇಳಬೇಕಿತ್ತಾ? ಒಬ್ಬರಿಗೆ ಅನ್ಯಾಯ ಮಾಡಿದ್ದರೆ ಮೊದಲು ಅವರ ಹತ್ತಿರ ಹೋಗಬೇಕು. ಹಿರಿಯರಿಗೆ ತಿಳಿಸಬೇಕಾದದ್ದನ್ನು ಹಿರಿಯರಿಗೇ ಮೊದಲು ತಿಳಿಸಬೇಕು. ಅದನ್ನು ಬಿಟ್ಟು ಪ್ರಸಂಗದಲ್ಲಿ ಹಾರಿಕೆಯ ಮಾತಿನಲ್ಲಿ "ನಾನೂ ಪಾಪಿಯೇ" ಎಂದರೆ ಅದು ಅರಿಕೆ ಅಲ್ಲ.

ಇನ್ನೊಂದು ಅಪಾಯ ಇದೆ. ಚಿಕ್ಕ ತಪ್ಪುಗಳನ್ನು ಧಾರಾಳವಾಗಿ ಹೇಳಿ ದೊಡ್ಡದನ್ನು ಮುಚ್ಚುವುದು. "ನನಗೆ ತಾಳ್ಮೆ ಕಡಿಮೆ" ಎಂದು ನಗುತ್ತಾ ಹೇಳುವುದು ಸುಲಭ. ಮನೆಯಲ್ಲಿ ಆ ಕೋಪಕ್ಕೆ ಹೆದರಿ ಮಕ್ಕಳು ಮಾತೇ ನಿಲ್ಲಿಸಿದ್ದಾರೆ ಎಂದು ಒಬ್ಬ ಹಿರಿಯರ ಮುಂದೆ ಹೇಳುವುದು ಕಷ್ಟ. ಹೇಳಬೇಕಾದದ್ದು ಎರಡನೆಯದು.

ನಾಲ್ಕನೇ ಹೆಜ್ಜೆ: "ಬೇಡ" ಅನ್ನುವ ಹಕ್ಕು ಬೇರೆಯವರಿಗೆ ಕೊಡಿ

ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ ಜೊತೆ ಊಟ ಮಾಡುತ್ತಿದ್ದವನು, ಯೆರೂಸಲೇಮಿನ ಸಭೆಯ ನಾಯಕ ಯಾಕೋಬನ ಕಡೆಯಿಂದ ಜನ ಬಂದಾಗ ಹೆದರಿ ಹಿಂದೆ ಸರಿದ. ಬಾರ್ನಬನೂ ಅವನ ಜೊತೆ ಸೇರಿದ. ಪೌಲ ಎಲ್ಲರ ಮುಂದೆಯೇ ಪೇತ್ರನನ್ನು ಖಂಡಿಸಿದ. ಗಲಾತ್ಯ 2ರಲ್ಲಿ ಇದು ಬಿಚ್ಚುಮಾತಿನಲ್ಲಿ ಬರೆದಿದೆ. ಮೊದಲ ಸಭೆಯ ದೊಡ್ಡ ಅಪೊಸ್ತಲನ ತಪ್ಪು ನಮ್ಮ ಪವಿತ್ರ ಗ್ರಂಥದಲ್ಲೇ ಉಳಿಯಿತು. ಯಾರೂ ಅದನ್ನು ಅಳಿಸಲಿಲ್ಲ. ಪೇತ್ರನ ಹೆಸರಿನ ಎರಡನೇ ಪತ್ರದ ಕೊನೆಯಲ್ಲಿ ಪೌಲನನ್ನು "ನಮ್ಮ ಪ್ರಿಯ ಸಹೋದರ" ಎಂದು ಕರೆದಿದೆ. ನನಗೆ ಇವೆರಡನ್ನೂ ಒಟ್ಟಿಗೆ ಓದುವುದು ತುಂಬಾ ಇಷ್ಟ.

ನಮ್ಮಲ್ಲಿ ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸಲು ಒಂದು ವಾಕ್ಯ ಬಳಕೆಯಲ್ಲಿದೆ: ದೇವರು ಅಭಿಷೇಕಿಸಿದವರನ್ನು ಮುಟ್ಟಬಾರದು. ಇದು ಕೀರ್ತನೆ 105:15. ದಯವಿಟ್ಟು ಅದರ ಹಿಂದಿನ ಮೂರು ವಚನಗಳನ್ನೂ ಓದಿ. ಅಲ್ಲಿ ಮಾತು ಅಬ್ರಹಾಮ, ಇಸಾಕ, ಯಾಕೋಬರದ್ದು. ಅವರು ಕೆಲವೇ ಮಂದಿ, ಪರದೇಶಿಗಳು, ಊರೂರು ಅಲೆಯುವವರು. ಅವರಿಗೆ ಕೇಡು ಮಾಡಬೇಡಿ ಎಂದು ದೇವರು ಗದರಿಸಿದ್ದು ರಾಜರನ್ನು. ಬಲ ಇಲ್ಲದವರನ್ನು ಬಲಶಾಲಿಗಳಿಂದ ಕಾಯುವ ವಾಕ್ಯ ಅದು. ಅದನ್ನು ಹಿಡಿದು ಅಧಿಕಾರ ಇರುವವರು ಅಧಿಕಾರ ಇಲ್ಲದವರನ್ನು ಹೆದರಿಸುವುದು ವಾಕ್ಯವನ್ನೇ ತಲೆಕೆಳಗು ಮಾಡಿದಂತೆ. ದಾವೀದ ಕೂಡ ದೇವರು ಅಭಿಷೇಕಿಸಿದವನೆಂದು ರಾಜ ಸೌಲನ ಮೇಲೆ ಕೈ ಎತ್ತಲಿಲ್ಲ ನಿಜ. ಆದರೆ 1 ಸಮುವೇಲ 24ರಲ್ಲಿ ಗವಿಯಿಂದ ಹೊರಗೆ ಬಂದು, ನೀನು ನನಗೆ ಮಾಡುತ್ತಿರುವುದು ಅನ್ಯಾಯ ಎಂದು ಗಟ್ಟಿಯಾಗಿ ಕೂಗಿ ಹೇಳಿದ. ಆ ವಾಕ್ಯವನ್ನು ನಿಮ್ಮ ರಕ್ಷಣೆಗೆ ಬಳಸುವುದನ್ನು ಇವತ್ತೇ ನಿಲ್ಲಿಸಿ. ಬೇರೆಯವರು ನಿಮ್ಮ ಪರವಾಗಿ ಬಳಸಿದರೂ ತಡೆಯಿರಿ.

ಮೀಟಿಂಗ್‌ಗಳಲ್ಲಿ ಇದನ್ನು ರೂಢಿಗೆ ತರುವುದು ಹೇಗೆ? ಬೆನೆಡಿಕ್ಟ್ ಎಂಬ ಸಂತರು 6ನೇ ಶತಮಾನದಲ್ಲಿ ತಮ್ಮ ಮಠಕ್ಕೆ ಬರೆದ ನಿಯಮಗಳಲ್ಲಿ ಒಂದು ಚೆಂದದ ಮಾತಿದೆ. ಮುಖ್ಯ ವಿಷಯ ಬಂದಾಗ ಮಠಾಧಿಪತಿ ಎಲ್ಲರನ್ನೂ ಕರೆದು ಕೇಳಬೇಕು, ಯಾಕೆಂದರೆ ಒಳ್ಳೆಯದು ಯಾವುದು ಎಂಬುದನ್ನು ದೇವರು ಎಷ್ಟೋ ಸಲ ಕಿರಿಯರಿಗೆ ತೋರಿಸುತ್ತಾರೆ. ಹಾಗಾಗಿ ನೀವು ಕೊನೆಗೆ ಮಾತಾಡಿ. ನಾಯಕ ಮೊದಲೇ "ನನಗೆ ಹೀಗನ್ನಿಸುತ್ತದೆ" ಎಂದರೆ ಚರ್ಚೆ ಅಲ್ಲಿಗೆ ಮುಗಿಯಿತು. "ದೇವರು ನನಗೆ ಹೀಗೆ ತೋರಿಸಿದ್ದಾರೆ" ಎಂದರೆ ಇನ್ನೂ ಕಷ್ಟ. ಅದಕ್ಕೆ ಎದುರು ಮಾತಾಡಿದರೆ ದೇವರಿಗೇ ಎದುರಾದಂತೆ ಕಾಣುತ್ತದೆ. ಬದಲಿಗೆ "ಹೀಗಿರಬಹುದು ಅಂತ ನನಗನ್ನಿಸಿದೆ, ನೀವು ಪರೀಕ್ಷಿಸಿ ಹೇಳಿ" ಅನ್ನಿ. ಎಲ್ಲರೂ ಬೇಗ ಒಪ್ಪಿದರೆ ತೀರ್ಮಾನವನ್ನು ಮುಂದಿನ ಮೀಟಿಂಗ್‌ಗೆ ಮುಂದೂಡಿ, ಇದರಲ್ಲಿ ತಪ್ಪೇನು ಎಂದು ಹುಡುಕುವ ಕೆಲಸವನ್ನು ಒಬ್ಬರಿಗೆ ಒಪ್ಪಿಸಿ.

ಯಾರಾದರೂ ಧೈರ್ಯ ಮಾಡಿ ನಿಮ್ಮ ತಪ್ಪು ಹೇಳಿದಾಗ ನಿಮ್ಮ ಮುಖ ಹೇಗಾಗುತ್ತದೆ ಎಂಬುದನ್ನು ಎಲ್ಲರೂ ನೋಡುತ್ತಾರೆ. ಆ ಒಂದು ಕ್ಷಣ ಮುಂದಿನ ಹಲವು ವರ್ಷಗಳನ್ನು ತೀರ್ಮಾನಿಸುತ್ತದೆ. ತಕ್ಷಣ ಉತ್ತರ ಕೊಡಬೇಡಿ. "ಹೇಳಿದ್ದಕ್ಕೆ ವಂದನೆ. ಇನ್ನೂ ಸ್ವಲ್ಪ ಬಿಡಿಸಿ ಹೇಳುತ್ತೀರಾ?" ಎಂದು ಕೇಳಿ, ಬರೆದುಕೊಳ್ಳಿ. ಅವರು ಹೇಳಿದ್ದರಲ್ಲಿ ಅರ್ಧ ತಪ್ಪಿದ್ದರೂ ಉಳಿದರ್ಧದ ಮೇಲೆ ಕೆಲಸ ಮಾಡಿ. ಆ ವ್ಯಕ್ತಿಗೆ ಮುಂದಿನ ತಿಂಗಳಲ್ಲಿ ಹಾಡುವ, ವಾಕ್ಯ ಓದುವ ಅವಕಾಶ ತಪ್ಪದಂತೆ ನೋಡಿಕೊಳ್ಳಿ.

ಐದನೇ ಹೆಜ್ಜೆ: ಹಣ ಮತ್ತು ಲೆಕ್ಕ

ಇಲ್ಲಿ ಹೆಚ್ಚು ಹೇಳುವುದು ಬೇಡ. ಯೆರೂಸಲೇಮಿನ ಬಡವರಿಗೆ ಸಂಗ್ರಹಿಸಿದ ಹಣವನ್ನು ಒಯ್ಯುವಾಗ ಪೌಲ ತೀತನ ಜೊತೆಗೆ, ಸಭೆಗಳೇ ಆರಿಸಿದ ಇನ್ನೊಬ್ಬನನ್ನು ಕಳಿಸಿದ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು 2 ಕೊರಿಂಥ 8ರಲ್ಲಿ ಬರೆದ. "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಪೌಲ ಕೇಳಲಿಲ್ಲ.

ಕಾಣಿಕೆ ಎಣಿಸುವಾಗ ನಾಯಕರು ಆ ಕೋಣೆಯಲ್ಲಿ ಇರದಿರಲಿ. ಕನಿಷ್ಠ ಇಬ್ಬರು ಎಣಿಸಲಿ, ಇಬ್ಬರ ಸಹಿ ಇಲ್ಲದೆ ಹಣ ಹೊರಗೆ ಹೋಗದಿರಲಿ. ನಿಮ್ಮ ಸಂಬಳವನ್ನು ನಿಮ್ಮ ಬಂಧುಗಳಲ್ಲದವರು ನಿಗದಿ ಮಾಡಲಿ. ಲೆಕ್ಕವನ್ನು ಹೊರಗಿನವರು ಪರಿಶೀಲಿಸಲಿ, ಸಭೆಯವರು ನೋಡಲಿ. ಜನರ ಸಂಖ್ಯೆಯಲ್ಲೂ ಪ್ರಾಮಾಣಿಕತೆ ಬೇಕು. ದೊಡ್ಡ ಸುವಾರ್ತಾ ಕೂಟಗಳನ್ನು ನಡೆಸಿದ ಬೋಧಕ ಬಿಲ್ಲಿ ಗ್ರಹಾಂ ಮತ್ತು ಅವರ ಸಂಗಡಿಗರು 1948ರಲ್ಲಿ ಅಮೆರಿಕದ ಮೊಡೆಸ್ಟೊದಲ್ಲಿ ಕೂತು ತಮಗೆ ತಾವೇ ಕೆಲವು ಕಟ್ಟುಪಾಡು ಹಾಕಿಕೊಂಡರು. ಹಣದ ಶಿಸ್ತಿನ ಜೊತೆಗೆ, ಕೂಟಗಳಿಗೆ ಬಂದವರ ಸಂಖ್ಯೆಯನ್ನು ಉಬ್ಬಿಸಿ ಹೇಳಬಾರದು ಎಂಬುದೂ ಅದರಲ್ಲಿತ್ತು. ಅವರು ಇದನ್ನು ಬೀಳುವ ಮೊದಲೇ ಮಾಡಿದರು, ಬಿದ್ದ ಮೇಲಲ್ಲ.

ಆರನೇ ಹೆಜ್ಜೆ: ಕ್ಷಮೆ ಕೇಳುವುದು

ಬೈಬಲಿನಲ್ಲಿ "ಪಾಪ ಮಾಡಿದೆ" ಎಂದ ಇಬ್ಬರು ರಾಜರನ್ನು ನೋಡಿ. ದೇವರ ಆಜ್ಞೆ ಮೀರಿದ ಸೌಲ ಅದನ್ನು ಹೇಳಿದ್ದು 1 ಸಮುವೇಲ 15ರಲ್ಲಿ. ಜನರಿಗೆ ಹೆದರಿ ಹಾಗೆ ಮಾಡಿದೆ ಎಂದು ಮೊದಲು ಕಾರಣ ಕೊಟ್ಟ. ಆಮೇಲೆ, ಪಾಪ ಮಾಡಿದ್ದೇನೆ, ಆದರೂ ನನ್ನ ಜನರ ಹಿರಿಯರ ಮುಂದೆ ನನ್ನನ್ನು ಗೌರವಿಸು ಎಂದು ಸಮುವೇಲನನ್ನು ಬೇಡಿಕೊಂಡ. ಬೇರೊಬ್ಬನ ಹೆಂಡತಿಯನ್ನು ತೆಗೆದುಕೊಂಡ ದಾವೀದನ ಮುಂದೆ ಪ್ರವಾದಿ ನಾತಾನ ನಿಂತು "ಆ ಮನುಷ್ಯ ನೀನೇ" ಎಂದಾಗ, ದಾವೀದ ಹೇಳಿದ್ದು ಒಂದೇ ವಾಕ್ಯ: ನಾನು ಕರ್ತನಿಗೆ ವಿರೋಧವಾಗಿ ಪಾಪ ಮಾಡಿದ್ದೇನೆ. ಕಾರಣ ಇಲ್ಲ, ಗೌರವದ ಬೇಡಿಕೆ ಇಲ್ಲ. ಸೌಲನ ಚಿಂತೆ ಮಾನದ್ದು. ಇವತ್ತು ಸಭೆಗಳಲ್ಲಿ ಕೇಳುವ ಎಷ್ಟೋ ಕ್ಷಮಾಪಣೆಗಳು ಸೌಲನವು.

ಕ್ಷಮೆ ಕೇಳುವಾಗ ಮಾಡಿದ್ದನ್ನು ಹೆಸರಿಟ್ಟು ಹೇಳಿ. "ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ" ಎಂದರೆ ಏನೂ ಹೇಳಿದಂತಾಗಲಿಲ್ಲ. "ನಿಮ್ಮ ಮನಸ್ಸಿಗೆ ನೋವಾಗಿದ್ದರೆ" ಎಂದರೆ ತಪ್ಪು ಅವರ ಮನಸ್ಸಿನದ್ದಾಯಿತು. "ಮಂಗಳವಾರದ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ನಿಮ್ಮನ್ನು ಹೀಯಾಳಿಸಿದೆ. ಅದು ತಪ್ಪು. ನನ್ನನ್ನು ಕ್ಷಮಿಸಿ" ಎನ್ನಿ, ನಿಲ್ಲಿಸಿ. "ಆದರೆ" ಎಂದು ಮುಂದುವರಿಸಬೇಡಿ. ಎಲ್ಲರ ಮುಂದೆ ನೋಯಿಸಿದ್ದರೆ ಎಲ್ಲರ ಮುಂದೆಯೇ ಕೇಳಿ. ಅವರು ಅಲ್ಲೇ ಕ್ಷಮಿಸಬೇಕು, ಕೈಕುಲುಕಬೇಕು ಎಂದು ಕಾಯಬೇಡಿ. ನಷ್ಟವಾಗಿದ್ದರೆ ತುಂಬಿಕೊಡಿ. ಜಕ್ಕಾಯ ಯೇಸುವಿನ ಮುಂದೆ ನಿಂತಾಗ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ.

ಇಲ್ಲಿ ಒಂದು ವಿಷಯವನ್ನು ಖಂಡಿತವಾಗಿ ಹೇಳಲೇಬೇಕು. ಲೈಂಗಿಕ ದೌರ್ಜನ್ಯ, ಮಕ್ಕಳ ಮೇಲಿನ ಹಿಂಸೆ, ಹಣದ ಕಳವು, ಇವು ಅಪರಾಧಗಳು. ಇವುಗಳನ್ನು ಪ್ರಾರ್ಥನಾ ಕೋಣೆಯಲ್ಲಿ ಕ್ಷಮೆ ಕೇಳಿ ಮುಗಿಸುವಂತಿಲ್ಲ. ಪೊಲೀಸರಿಗೆ ತಿಳಿಸಬೇಕು, ತನಿಖೆಗೆ ಒಪ್ಪಿಸಬೇಕು, ಅದು ಮುಗಿಯುವವರೆಗೆ ಆ ವ್ಯಕ್ತಿ ಸೇವೆಯಿಂದ ದೂರ ಇರಬೇಕು. ನೊಂದವರನ್ನು "ಕ್ಷಮಿಸಿಬಿಡು, ದೇವರ ಹೆಸರಿಗೆ ಕಳಂಕ ತರಬೇಡ" ಎಂದು ಒತ್ತಾಯಿಸುವುದು ಎರಡನೇ ಹಿಂಸೆ. 1 ತಿಮೊಥೆಯ 5:19ರಲ್ಲಿ ಹಿರಿಯರ ಮೇಲಿನ ದೂರಿಗೆ ಎರಡು ಮೂರು ಸಾಕ್ಷಿ ಬೇಕು ಎಂದಿದೆ, ಸರಿ. ಮುಂದಿನ ವಚನದಲ್ಲೇ ಪಾಪದಲ್ಲಿ ನಡೆಯುವವರನ್ನು ಎಲ್ಲರ ಮುಂದೆ ಗದರಿಸು ಎಂದೂ ಇದೆ. ನಾವು ಮೊದಲರ್ಧವನ್ನು ಮಾತ್ರ ಜಾಸ್ತಿ ಬಳಸುತ್ತೇವೆ. ದಾವೀದನಿಗೆ ಕ್ಷಮೆ ಸಿಕ್ಕಿತು. ಅವನು ಮಾಡಿದ್ದರ ಪರಿಣಾಮ ಹೋಗಲಿಲ್ಲ.

ಏಳನೇ ಹೆಜ್ಜೆ: ದಣಿದಿದ್ದೇನೆ ಎಂದು ಹೇಳಿ

ಎಲೀಯ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದ. ದೇವರು ಅವನಿಗೆ ಬುದ್ಧಿ ಹೇಳಲಿಲ್ಲ. ನಿನ್ನ ನಂಬಿಕೆ ಎಲ್ಲಿ ಎಂದು ಕೇಳಲಿಲ್ಲ. ನಿದ್ದೆ ಕೊಟ್ಟರು, ರೊಟ್ಟಿ ನೀರು ಕೊಟ್ಟರು, ಮತ್ತೆ ನಿದ್ದೆ, ಮತ್ತೆ ಊಟ. ಮಾತು ಆಮೇಲೆ. ಮೋಶೆಯೂ ಅರಣ್ಯಕಾಂಡ 11ರಲ್ಲಿ, ಈ ಜನರ ಭಾರವನ್ನು ನಾನೊಬ್ಬನೇ ಹೊರಲಾರೆ, ಇದಕ್ಕಿಂತ ಸಾವೇ ಮೇಲು ಎಂದ. ದೇವರ ಉತ್ತರ 70 ಮಂದಿ ಹಿರಿಯರು.

ಚಾರ್ಲ್ಸ್ ಸ್ಪರ್ಜನ್ ಎಂದರೆ ಲಂಡನ್ನಿನಲ್ಲಿ ಸಾವಿರಾರು ಜನ ಕೇಳುತ್ತಿದ್ದ ಬೋಧಕರು. 1856ರಲ್ಲಿ ಅವರು ಬೋಧಿಸುತ್ತಿದ್ದ ಸಭಾಂಗಣದಲ್ಲಿ ಯಾರೋ ಬೆಂಕಿ ಎಂದು ಸುಳ್ಳೇ ಕೂಗಿದರು. ನೂಕುನುಗ್ಗಲಿನಲ್ಲಿ 7 ಜನ ಸತ್ತರು. ಆಗ ಸ್ಪರ್ಜನ್‌ಗೆ 22 ವರ್ಷ. ಖಿನ್ನತೆ ಅವರನ್ನು ಜೀವನಪೂರ್ತಿ ಕಾಡಿತು. ಅವರು ಅದನ್ನು ಬಚ್ಚಿಡಲಿಲ್ಲ. ಸೇವೆಗೆ ತಯಾರಾಗುತ್ತಿದ್ದ ವಿದ್ಯಾರ್ಥಿಗಳಿಗೆ, ಸೇವಕರಿಗೂ ಇಂಥ ಕತ್ತಲೆ ಬರುತ್ತದೆ ಎಂದು ಬಿಡಿಸಿ ಹೇಳಿದರು.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಇವತ್ತೇ ವೈದ್ಯರ ಹತ್ತಿರ ಹೋಗಿ. ಆ ಇಬ್ಬರು ಮೂವರಲ್ಲಿ ಒಬ್ಬರಿಗೆ ಈಗಲೇ ಫೋನ್ ಮಾಡಿ. ಮಾತ್ರೆ ತೆಗೆದುಕೊಳ್ಳುವುದು ನಂಬಿಕೆ ಇಲ್ಲದಿರುವುದಕ್ಕೆ ಗುರುತಲ್ಲ. ಅಷ್ಟು ದೂರ ಹೋಗುವ ಮೊದಲೇ ವಾರಕ್ಕೊಂದು ದಿನ ಬಿಡುವು ಇಟ್ಟುಕೊಳ್ಳಿ, ಅದನ್ನು ಸಭೆಗೆ ಹೇಳಿಬಿಡಿ. ಶಕ್ತಿ ಮುಗಿದಿದೆ ಎಂದು ಒಪ್ಪಿಕೊಳ್ಳುವುದಕ್ಕೆ ಸ್ಥಾನ ಎಷ್ಟು ದೊಡ್ಡದು ಎಂಬುದು ಅಡ್ಡಿಯಾಗಬಾರದು. 2013ರ ಫೆಬ್ರುವರಿಯಲ್ಲಿ ಪೋಪ್ 16ನೇ ಬೆನೆಡಿಕ್ಟ್, ವಯಸ್ಸಾಗಿ ಈ ಸೇವೆಗೆ ಬೇಕಾದ ಬಲ ತನ್ನಲ್ಲಿ ಉಳಿದಿಲ್ಲ ಎಂದು ಹೇಳಿ ಸ್ಥಾನ ಬಿಟ್ಟರು.

ಸಭೆಯವರಿಗೆ ಒಂದು ಮಾತು

ನಾಯಕರು ಮನಬಿಚ್ಚಬೇಕು ಎಂದು ಕೇಳುವ ನಾವು, ಅವರು ಬಿಚ್ಚಿದಾಗ ಏನು ಮಾಡುತ್ತೇವೆ? "ಪಾಸ್ಟರಿಗೇ ಹೀಗಾದರೆ ನಮ್ಮ ಗತಿ ಏನು" ಎನ್ನುತ್ತೇವೆ. ಪ್ರಾರ್ಥನಾ ವಿಷಯ ಎಂಬ ಹೆಸರಿನಲ್ಲಿ ಹತ್ತು ಮನೆಗೆ ಮುಟ್ಟಿಸುತ್ತೇವೆ. ಅವರ ಮಕ್ಕಳನ್ನು ಉಳಿದ ಮಕ್ಕಳಿಗಿಂತ ಬಿಗಿಯಾದ ತಕ್ಕಡಿಯಲ್ಲಿ ತೂಗುತ್ತೇವೆ. ದಯವಿಟ್ಟು ನಿಲ್ಲಿಸೋಣ. ನಿಮ್ಮ ಸಭಾಪಾಲಕರು ಒಂದು ಬಲಹೀನತೆ ಹೇಳಿಕೊಂಡರೆ, ಅದು ನಿಮ್ಮಲ್ಲೇ ಉಳಿಯಲಿ. ಅವರಿಗೆ ಹೇಗಿದೆ ಎಂದು ಮುಂದಿನ ವಾರ ಮತ್ತೆ ಕೇಳಿ. ಅವರನ್ನು ಏರಿಸಿ ಕೂರಿಸಿದವರು ನಾವೇ ಆಗಿದ್ದರೆ, ಇಳಿಯಲು ಜಾಗ ಕೊಡಬೇಕಾದವರೂ ನಾವೇ.

ಕೊನೆಯ ಹೆಜ್ಜೆ: ಬಿಟ್ಟುಕೊಡುವುದು

70 ಹಿರಿಯರ ಮೇಲೆ ಆತ್ಮ ಬಂದ ದಿನ ಎಲ್ದಾದ ಮತ್ತು ಮೇದಾದ ಎಂಬ ಇಬ್ಬರು ಪಾಳೆಯದಲ್ಲೇ ಉಳಿದು ಅಲ್ಲೇ ಪ್ರವಾದಿಸಿದರು. ಒಬ್ಬ ಯುವಕ ಓಡಿಬಂದು ಅದನ್ನು ತಿಳಿಸಿದಾಗ, ಅವರನ್ನು ತಡೆ ಎಂದು ಯೆಹೋಶುವ ಮೋಶೆಗೆ ಹೇಳಿದ. ನನ್ನ ಗೌರವಕ್ಕೋಸ್ಕರ ನಿನಗೆ ಹೊಟ್ಟೆಕಿಚ್ಚೇ, ದೇವಜನರೆಲ್ಲ ಪ್ರವಾದಿಗಳಾದರೆ ಎಷ್ಟು ಚೆನ್ನ ಎಂದ ಮೋಶೆ. ಮೋಶೆ ಎಲ್ಲರಿಗಿಂತ ಸಾತ್ವಿಕನಾಗಿದ್ದ ಎಂಬ ಮಾತು ಬರುವುದು ಮುಂದಿನ ಅಧ್ಯಾಯದಲ್ಲೇ. ಬಾರ್ನಬನದ್ದೂ ಅಂಥದ್ದೇ ಕಥೆ. ಅಪೊಸ್ತಲರ ಕೃತ್ಯಗಳು 13ರ ಆರಂಭದಲ್ಲಿ "ಬಾರ್ನಬ ಮತ್ತು ಸೌಲ" (ಸೌಲ ಎಂಬುದು ಪೌಲನ ಇನ್ನೊಂದು ಹೆಸರು) ಎಂದಿದ್ದದ್ದು, ಅದೇ ಅಧ್ಯಾಯ ಮುಗಿಯುವುದರೊಳಗೆ "ಪೌಲ ಮತ್ತು ಬಾರ್ನಬ" ಆಗುತ್ತದೆ. ಯಾರೂ ನಂಬದಿದ್ದಾಗ ಪೌಲನ ಕೈಹಿಡಿದು ಅಪೊಸ್ತಲರ ಬಳಿಗೆ ತಂದವನು ಬಾರ್ನಬನೇ. ಹೆಸರು ಹಿಂದೆ ಹೋಯಿತು ಎಂದು ಅವನು ಗೊಣಗಿದ್ದು ಎಲ್ಲೂ ಇಲ್ಲ.

ತಿಂಗಳಿಗೊಮ್ಮೆಯಾದರೂ ಬೇರೊಬ್ಬರು ಪ್ರಸಂಗ ಮಾಡಲಿ, ನೀವು ಕೂತು ಕೇಳಿ. ಅವರು ನಿಮಗಿಂತ ಚೆನ್ನಾಗಿ ಮಾಡಿದರೆ ಅವರ ಮುಂದೆಯೂ ಹೇಳಿ, ಸಭೆಯ ಮುಂದೆಯೂ ಹೇಳಿ. ನೀವು ಇಲ್ಲದಿದ್ದರೆ ನಿಲ್ಲುವ ಕೆಲಸಗಳು ಯಾವುವು ಎಂದು ಪಟ್ಟಿ ಮಾಡಿ, ಒಂದೊಂದನ್ನೇ ಇನ್ನೊಬ್ಬರಿಗೆ ಕಲಿಸಿ. ಜವಾಬ್ದಾರಿ ಒಪ್ಪಿಸಿದ ಮೇಲೆ ಅಧಿಕಾರವನ್ನೂ ಒಪ್ಪಿಸಿ, ಕೀಲಿಕೈ, ಬ್ಯಾಂಕ್ ಸಹಿ, ಫೋನ್ ಗುಂಪು ಎಲ್ಲವನ್ನೂ. ಹಳೆಯ ಸಭಿಕರು ಹೊಸಬರ ಮೇಲೆ ದೂರು ಹೊತ್ತು ನಿಮ್ಮ ಮನೆಗೆ ಬಂದೇ ಬರುತ್ತಾರೆ. ಆಗ ಕೇಳಬೇಕಾದದ್ದು ಒಂದೇ: "ಇದನ್ನು ಅವರಿಗೆ ಹೇಳಿದಿರಾ?" ಇಲ್ಲ ಅಂದರೆ, ಮೊದಲು ಅವರ ಹತ್ತಿರ ಹೋಗಿ ಎಂದು ಕಳಿಸಿ.